"ಕೊನೆಗೂ ಸೋತ್ರಲ್ಲಾ ಅಕ್ಕಾ" ಅಂದವರಿಗೆ

ನಿನ್ನೆ ರಾತ್ರಿಯಿಂದ ಇದೇ ಮಾತು. ಫೋನಲ್ಲಿ, ವಾಟ್ಸಾಪಲ್ಲಿ, ಬೆಳಿಗ್ಗೆ ಕಸದ ಡಬ್ಬ ಹೊರಗಿಡೋಕೆ ಹೋದಾಗ ಪಕ್ಕದ ಮನೆ ಹುಡುಗನ ಬಾಯಲ್ಲೂ. "ಕೊನೆಗೂ ಸೋತ್ರಲ್ಲಾ ಅಕ್ಕಾ!" ಹೇಳಿದವರೆಲ್ಲ ಒಳ್ಳೆಯವರೇ, ಹಬ್ಬದ ದಿನ ನಮ್ಮ ಜೊತೆ ಕೂತು ಒಬ್ಬಟ್ಟು ತಿಂದವರೇ. ಆದ್ರೂ ಮೈ ಉರಿದುಹೋಗಿದೆ. ಬರೆದು ಹಗುರ ಆಗ್ತೀನಿ, ಬೇಜಾರು ಮಾಡ್ಕೊಳ್ಳೋರು ಮಾಡ್ಕೊಳ್ಳಿ.

ಊರಲ್ಲಿರೋ ಸ್ನೇಹಿತರಿಗೆ ಹಿನ್ನೆಲೆ ಹೇಳಿಬಿಡ್ತೀನಿ. ನಮ್ಮ ಸಿಯಾಟಲ್ ಮರೀನರ್ಸ್ ಬೇಸ್‌ಬಾಲ್ ತಂಡ ಹುಟ್ಟಿದ್ದು 1977ರಲ್ಲಿ. ಈಗ ಆಡ್ತಿರೋ 30 ತಂಡಗಳಲ್ಲಿ ವರ್ಲ್ಡ್ ಸೀರೀಸ್, ಅಂದ್ರೆ ಫೈನಲ್‌ನ ಮೆಟ್ಟಿಲನ್ನೇ ತುಳಿಯದ ತಂಡ ಇದೊಂದೇ. ಗೆಲ್ಲೋದು ಆಮೇಲಿನ ಮಾತು, ಅಲ್ಲಿ ಆಡೋಕೂ ಹೋಗಿಲ್ಲ. ನಿನ್ನೆ, 2025ರ ಅಕ್ಟೋಬರ್ 20ಕ್ಕೆ, ಟೊರೊಂಟೊದಲ್ಲಿ ಅಲ್ಲಿನ ತಂಡದ ಮೇಲೆ ಸೆಮಿಫೈನಲ್ ಸರಣಿಯ ಏಳನೇ, ಕೊನೇ ಪಂದ್ಯ. ಗೆದ್ದಿದ್ರೆ ಮೊದಲ ಸಲ ಒಳಗೆ ಕಾಲಿಡ್ತಿದ್ವಿ. ಏಳನೇ ಇನ್ನಿಂಗ್‌ವರೆಗೂ 3-1ರಲ್ಲಿ ಮುಂದಿದ್ವಿ. ಇನ್ನು ಎಂಟು ಔಟ್ ಬೇಕಿತ್ತು. ಬೇಸ್ ಮೇಲೆ ಇಬ್ಬರಿದ್ರು. ನಮ್ಮ ಪಿಚರ್, ಅಂದ್ರೆ ಬಾಲ್ ಎಸೆಯೋನು, ಬಜಾರ್ಡೊನ ಕರೆದು ಬಾಲ್ ಕೊಟ್ರು, ಟೊರೊಂಟೊದ ಜಾರ್ಜ್ ಸ್ಪ್ರಿಂಗರ್ ಎತ್ತಿ ಬಾರಿಸಿದ. ಹೋಮ್ ರನ್, ನಮ್ಮ ಸಿಕ್ಸರ್ ಥರ, ಬೇಸ್ ಮೇಲಿದ್ದವರೂ ಸೇರಿ ಮೂರು ರನ್. 4-3. ಅಷ್ಟೇ. ಕೊನೆಗೆ ನಮ್ಮ ಹೂಲಿಯೊ ಸ್ಟ್ರೈಕ್ ಔಟ್ ಆಗಿ ನಿಂತ. ಕೊನೇ ಔಟ್‌ಗಳಿಗೆ ಅಂತಲೇ ಇಟ್ಕೊಂಡಿರೋ ಪಿಚರ್ ಮುನ್ಯೋಸ್‌ನ ಆಗಲೇ ಯಾಕೆ ಕರೀಲಿಲ್ಲ ಅಂತ ನನ್ನ ಮಾತ್ರ ಕೇಳಬೇಡಿ. ಆ ವಿಷಯ ಎತ್ತಿದ್ರೆ ಈ ಪೋಸ್ಟ್ ಮುಗಿಯಲ್ಲ.

ನಿನ್ನೆ ದೀಪಾವಳಿ ಬೇರೆ. ಇಪ್ಪತ್ತು ಜನ ಸೇರಿದ್ವಿ. ಅದರಲ್ಲಿ ಅರ್ಧಕ್ಕರ್ಧ ಜನರ ಮೈಮೇಲೆ ಹೊಚ್ಚಹೊಸ ಮರೀನರ್ಸ್ ಜೆರ್ಸಿ. ಒಬ್ಬರ ಕಂಕುಳಲ್ಲಿ ಬೆಲೆಚೀಟಿಯ ಪ್ಲಾಸ್ಟಿಕ್ ದಾರ ಇನ್ನೂ ನೇತಾಡ್ತಿತ್ತು. ಸುಳ್ಳಲ್ಲ, ನಾನೇ ಕತ್ತರಿ ತಂದು ಕತ್ತರಿಸಿದೆ. ಸ್ಪ್ರಿಂಗರ್ ಹೊಡೆದ ಬಾಲ್ ಗ್ಯಾಲರಿಗೆ ಬಿದ್ದ ಎರಡನೇ ನಿಮಿಷಕ್ಕೆ ಅದೇ ಮಹಾನುಭಾವರು ತಟ್ಟೆ ಹಿಡಿದು ಎದ್ರು. "ಇವರ ಹಣೆಬರಹ ಇಷ್ಟೇ ಬಿಡ್ರಿ, ಚೋಕರ್ಸ್. ಕೋಸಂಬರಿ ಇದೆಯಾ?"

ಕೋಸಂಬರಿ ಇತ್ತು. ಕೊಟ್ಟೆ. ಹಬ್ಬದ ದಿನ ಅಂತ ಬಾಯಿ ಮುಚ್ಕೊಂಡಿದ್ದೆ.

ಆಟ ಸೋತಿದ್ದಕ್ಕೆ ನನಗೆ ಸಿಟ್ಟಿಲ್ಲ. ಅದಕ್ಕೆ ದುಃಖ ಇದೆ, ಅದು ನನ್ನ ಸ್ವಂತದ್ದು. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ 162 ಪಂದ್ಯ ಆಡಿದಾರಲ್ಲ, ಅದರಲ್ಲಿ ಒಂದನ್ನೂ ನೋಡದೆ ಅಕ್ಟೋಬರಿನ ಪ್ಲೇಆಫ್‌ಗೆ ಬಂದು ತೀರ್ಪು ಕೊಡ್ತಾರಲ್ಲ, ಅದಕ್ಕೆ ಸಿಟ್ಟು. ಮದುವೆಯ ಕೊನೇ ಪಂಕ್ತಿಗೆ ಬಂದು ಕೂತು, ಪಾಯಸ ಮುಗಿದಿತ್ತು ಅಂತ ಮದುವೆನೇ ಸರಿಯಾಗಿ ಆಗಲಿಲ್ಲ ಅನ್ನೋರ ಹಾಗೆ.

ಇವರಿಗೆ ಏಪ್ರಿಲ್ ಗೊತ್ತಾ? ಇಲ್ಲಿನ ಏಪ್ರಿಲ್ ಸಂಜೆ ಸ್ಟೇಡಿಯಂನಲ್ಲಿ ಕೂತು ನೋಡಿ. ಚಾವಣಿ ಮುಚ್ಚಿದ್ರೂ ಪಕ್ಕ ಎಲ್ಲ ಬಟಾಬಯಲು. ಅದು ಕೊಡೆ ಇದ್ದಂಗೆ, ಮಳೆ ತಡೆಯುತ್ತೆ, ಗಾಳಿ ತಡೆಯಲ್ಲ. ಹಿಂದಿನ ಹಳಿ ಮೇಲೆ ರೈಲು ಕೂಗ್ತಾ ಹೋಗುತ್ತೆ. ಎದುರಿಗೆ ನಮ್ಮವರು ಮೂರು ಬೇಸಲ್ಲೂ ಜನ ನಿಲ್ಲಿಸಿ ಒಂದು ರನ್ನೂ ಹೊಡೆಯದೆ ವಾಪಸ್ ಬರ್ತಾರೆ. ಆದ್ರೂ ಕೂತಿರ್ತೀವಿ. ಯಾಕೆ ಅಂದ್ರೆ ಉತ್ತರ ಇಲ್ಲ.

ಇವರಿಗೆ ಆಗಸ್ಟ್ ಗೊತ್ತಾ? ಪರಊರಿಗೆ ಹೋಗಿ ಸಾಲುಸಾಲು ಸೋತು, ಈ ವರ್ಷವೂ ಮುಗೀತು ಅಂತ ನಮ್ಮನೆಯವರು ಸೀಸನ್‌ಗೆ ಎಳ್ಳುನೀರು ಬಿಟ್ಟಾಗಿತ್ತು. ಸೆಪ್ಟೆಂಬರಲ್ಲಿ ಯಾರೋ ಅಭಿಮಾನಿ ಆನ್‌ಲೈನಲ್ಲಿ ದುಡ್ಡು ಕೊಟ್ಟು ಒಬ್ಬ ಮಾಟಗಾತಿ ಹತ್ರ ತಂಡಕ್ಕೆ ಮಂತ್ರ ಹಾಕಿಸಿದ. ನಗಬೇಡಿ, ನಿಂಬೆಹಣ್ಣು ಲಾರಿ ಚಕ್ರದ ಕೆಳಗಿಡೋರು ನಾವು. ಆಮೇಲೆ ನಮ್ಮವರು ಹತ್ತು ಪಂದ್ಯ ಒಂದೇ ಸಮನೆ ಗೆದ್ರು! ಹ್ಯೂಸ್ಟನ್‌ಗೆ ಹೋಗಿ ಆಸ್ಟ್ರೋಸ್‌ನ ಮೂರಕ್ಕೆ ಮೂರೂ ಪಂದ್ಯದಲ್ಲಿ ಬಗ್ಗುಬಡಿದ್ರು. ಎಷ್ಟು ವರ್ಷ ನಮ್ಮ ತಲೆ ಮೇಲೆ ಮೆಣಸು ಅರೆದ ತಂಡ ಅದು! ಸೆಪ್ಟೆಂಬರ್ 24ಕ್ಕೆ ಡಿವಿಷನ್, ಅಂದ್ರೆ ನಮ್ಮ ಗುಂಪಿನ ಮೊದಲ ಸ್ಥಾನ, ಗೆದ್ವಿ, 2001ರ ನಂತರ ಮೊದಲ ಸಲ. ಅದೇ ರಾತ್ರಿ ಕ್ಯಾಲ್ ರಾಲಿ ಅರವತ್ತನೇ ಹೋಮ್ ರನ್ ಹೊಡೆದ. ಅವನು ಕ್ಯಾಚರ್ ಸ್ವಾಮಿ. ಪಂದ್ಯ ಪೂರ್ತಿ ಕುಕ್ಕರುಗಾಲಲ್ಲಿ ಕೂತು, ಗಂಟೆಗೆ ನೂರು ಮೈಲಿ ವೇಗದಲ್ಲಿ ಬರೋ ಬಾಲ್ ಹಿಡಿಯೋ ಕೆಲಸದವನು. ಕ್ಯಾಚರ್ ಆದವನು ಒಂದು ಸೀಸನ್‌ನಲ್ಲಿ 50 ದಾಟಿದ್ದು ಇದೇ ಮೊದಲು.

ಜೋಶ್ ನೇಲರ್ ಗೊತ್ತಾ? ಜುಲೈ ಕೊನೆಗೆ ಅರಿಝೋನಾದಿಂದ ಬಂದವನು. ದಪ್ಪ ಆಸಾಮಿ, ಓಟದಲ್ಲಿ ಲೀಗಿನ ಅತಿ ನಿಧಾನದವರಲ್ಲಿ ಒಬ್ಬ. ಅವನು ಈ ವರ್ಷ 30 ಬೇಸ್ ಕದ್ದಿದಾನೆ, ಅಂದ್ರೆ ಯಾರೂ ಬಾಲ್ ಹೊಡೆಯೋ ಮೊದಲೇ ಮುಂದಿನ ಬೇಸಿಗೆ ಓಡಿ ಮುಟ್ಟಿದಾನೆ. ಕಾಲಲ್ಲಿ ವೇಗ ಇಲ್ಲ, ಪಿಚರ್ ಯಾವಾಗ ಕಾಲೆತ್ತುತ್ತಾನೆ ಅಂತ ಕಣ್ಣಲ್ಲೇ ಅಳೆದು, ಸೊಂಟದ ಮೇಲೆ ಕೈ ಇಟ್ಕೊಂಡವನ ಥರ ನಿಂತಿದ್ದು, ಫಕ್ಕನೆ ಓಡಿಬಿಡ್ತಾನೆ. ನಾನು ಸೋಫಾ ಮೇಲಿಂದ ಎದ್ದು ಕೂಗಿದೀನಿ. ಈ ಖುಷಿ ಯಾವ ಅಂಕಪಟ್ಟಿಯಲ್ಲಿ ಬರುತ್ತೆ?

ಹಂಪಿ ವಿಷಯ ಹೇಳಲೇಬೇಕು. ನಮ್ಮ ಹಂಪಿ ಅಲ್ಲ. ಸ್ಟೇಡಿಯಂನಲ್ಲಿ ಆಟದ ಮಧ್ಯೆ ಸಾಲ್ಮನ್ ಮೀನಿನ ವೇಷ ಹಾಕ್ಕೊಂಡು ನಾಲ್ಕು ಜನ ಓಡ್ತಾರೆ. ಅದರಲ್ಲಿ ಹಂಪಿ ಅನ್ನೋ ಮೀನು ಯಾವತ್ತೂ ಗೆಲ್ಲಲ್ಲ. ಬೀಳುತ್ತೆ, ದಾರಿ ತಪ್ಪುತ್ತೆ, ಗೆಲುವಿನ ಗೆರೆ ಹತ್ರ ಏನಾದ್ರೂ ಎಡವಟ್ಟು ಮಾಡ್ಕೊಳ್ಳುತ್ತೆ. ಅಕ್ಟೋಬರ್ 10, ಡೆಟ್ರಾಯಿಟ್ ಮೇಲೆ ಐದನೇ ಪಂದ್ಯ, ಸೋತವರು ಮನೆಗೆ. ಅವತ್ತು ಹಂಪಿ ಗೆದ್ದುಬಿಡ್ತು. ನಲವತ್ತು ಸಾವಿರ ಜನ ಮೀನಿನ ವೇಷಕ್ಕೆ ಎದ್ದು ನಿಂತು ಕೂಗಿದ್ರು! ಒಂಬತ್ತಕ್ಕೆ ಮುಗೀಬೇಕಾದ ಪಂದ್ಯ ಹದಿನೈದು ಇನ್ನಿಂಗ್ ಹೋಯ್ತು, ಹತ್ತಿರ ಹತ್ತಿರ ಐದು ಗಂಟೆ. ಯಾವಾಗಲೂ ಪಂದ್ಯದ ಶುರುವಿಗೆ ಎಸೆಯೋ ಪಿಚರ್‌ಗಳು ಗಿಲ್ಬರ್ಟು, ಕಾಸ್ಟಿಯೊ ಎಲ್ಲ ಸರದಿ ಇಲ್ಲದೇ ಬಂದು ಎಸೆದ್ರು. ಕೊನೆಗೆ ಪೊಲಾಂಕೊ ಹೊಡೆದ, ಕ್ರಾಫರ್ಡ್ ಓಡಿ ಬಂದ, 3-2. ಅವತ್ತು ಗಂಟಲು ಕಟ್ಟಿದ್ದು ವಾರ ಹಿಡಿಯಿತು ಸರಿ ಹೋಗೋಕೆ. ಈಗ ಹೇಳಿ, "ಕೊನೆಗೂ ಸೋತ್ರಲ್ಲಾ" ಅನ್ನೋ ಎರಡು ಪದದಲ್ಲಿ ಇದನ್ನೆಲ್ಲ ಎಲ್ಲಿ ತುರುಕೋದು?

ಒಂದು ಗುಟ್ಟು ಹೇಳ್ತೀನಿ, ನಮ್ಮನೆಯವರಿಗೂ ಪೂರ್ತಿ ಗೊತ್ತಿಲ್ಲ. ನಾನು ಇಲ್ಲಿಗೆ ಬಂದಿದ್ದು 2012ರಲ್ಲಿ, ಎಚ್-4 ವೀಸಾದಲ್ಲಿ, ಗಂಡನ ಕೆಲಸದ ವೀಸಾ ಮೇಲೆ ಹೆಂಡತಿಗೆ ಸಿಗೋದು. ಆಗ ನಮ್ಮಂಥವರು ಕೆಲಸಕ್ಕೆ ಸೇರೋ ಹಾಗೇ ಇರಲಿಲ್ಲ, ಆ ಅನುಮತಿ ಬಂದಿದ್ದು 2015ಕ್ಕೆ. ಎಂಜಿನಿಯರಿಂಗ್ ಓದಿ, ಬೆಂಗಳೂರಲ್ಲಿ ಸಂಬಳ ಎಣಿಸಿದವಳು ಇಲ್ಲಿ ಬಂದು ಪಾತ್ರೆ ತೊಳೆದು ಕಿಟಕಿ ನೋಡ್ತಾ ಕೂರೋಳು. ಊರಿಗೆ ಫೋನ್ ಮಾಡೋಣ ಅಂದ್ರೆ ಅಲ್ಲಿ ಮಧ್ಯರಾತ್ರಿ. ಅತ್ತು ಅತ್ತು ಸಾಕಾಗಿದ್ದ ದಿನಗಳು. ಆಗಸ್ಟ್ 15ರ ಮಧ್ಯಾಹ್ನ ಸುಮ್ಮನೆ ಟಿವಿ ಹಾಕಿದೆ. ಯಾವುದೋ ಆಟ. ಎತ್ತರದ ಒಬ್ಬ ಬಾಲ್ ಎಸೀತಾನೆ, ಎದುರಿನವನು ಔಟ್. ಎಸೀತಾನೆ, ಔಟ್. ಅರ್ಧ ಗಂಟೆ ನೋಡಿದ್ರೂ ಏನೂ ಆಗಲಿಲ್ಲ. ಆದ್ರೆ ಹೊತ್ತು ಹೋದಂಗೆ ಜನ ಎದ್ದು ನಿಲ್ತಿದಾರೆ, ಬಾಯಿ ಮೇಲೆ ಕೈ ಇಟ್ಕೊಂಡಿದಾರೆ. ಏನೂ ಆಗದೇ ಇರೋದಕ್ಕೆ ಇಷ್ಟು ಜನ ಯಾಕೆ ಒದ್ದಾಡ್ತಿದಾರೆ ಅಂತ ನನಗೆ ಅರ್ಥ ಆಗಲಿಲ್ಲ. ಅವನು ಫೀಲಿಕ್ಸ್ ಹೆರ್ನಾಂಡೆಜ್. ಅವತ್ತು ಟ್ಯಾಂಪಾ ಬೇ ತಂಡದವರು 27 ಸಲ ಬ್ಯಾಟ್ ಹಿಡಿದು ಬಂದ್ರು, 27 ಸಲವೂ ಒಂದು ಬೇಸ್ ಕೂಡ ಮುಟ್ಟದೆ ವಾಪಸ್ ಹೋದ್ರು. ಪರ್ಫೆಕ್ಟ್ ಗೇಮ್. ಮರೀನರ್ಸ್ ಇತಿಹಾಸದಲ್ಲಿ ಇವತ್ತಿಗೂ ಅದೊಂದೇ.

ಮಾರನೇ ದಿನದಿಂದ ಹುಡುಕಿಕೊಂಡು ನೋಡಿದೆ. ಬೇಸ್‌ಬಾಲ್‌ನ ದೊಡ್ಡಸ್ತಿಕೆ ಅದೇ, ದಿನಾ ಇರುತ್ತೆ. ಕ್ರಿಕೆಟ್ ಥರ ಸರಣಿ ಮುಗೀತು ಅಂತ ಹೋಗಲ್ಲ. ಸಂಜೆ ಏಳಕ್ಕೆ ಅದೇ ಮುಖಗಳು, ರೇಡಿಯೋದಲ್ಲಿ ಅದೇ ದನಿ. ಯಾರೂ ಮನೆಗೆ ಬರದ ಕಾಲದಲ್ಲಿ ಆ ಹುಡುಗರು ದಿನಾ ಬರ್ತಿದ್ರು. ಸೋತೇ ಬರ್ತಿದ್ರು, ಅದು ಬೇರೆ ಮಾತು.

ಆ ಫೀಲಿಕ್ಸ್ 2005ರಿಂದ 2019ರವರೆಗೆ ಹದಿನೈದು ಸೀಸನ್ ಈ ಒಂದೇ ತಂಡಕ್ಕೆ ಎಸೆದ. ಅಕ್ಟೋಬರಿನ ಒಂದು ಪಂದ್ಯವನ್ನೂ ಆಡಲಿಲ್ಲ. ಒಂದನ್ನೂ! 2001ರಲ್ಲಿ 116 ಪಂದ್ಯ ಗೆದ್ದ ಈ ತಂಡ ಆಮೇಲೆ 2022ರವರೆಗೆ ಪ್ಲೇಆಫ್ ಮುಖ ನೋಡಲಿಲ್ಲ. ಅವನ ಕಾಲ ಪೂರ್ತಿ ಆ ಬರಗಾಲದಲ್ಲೇ ಕಳೆದುಹೋಯ್ತು. ಕೋಸಂಬರಿ ಸಾಹೇಬರ ಲೆಕ್ಕದಲ್ಲಿ ಫೀಲಿಕ್ಸ್‌ದು ಸೊನ್ನೆ. ಹಳದಿ ಅಂಗಿ ಹಾಕ್ಕೊಂಡು ಅವನ ಹೆಸರಿನ ಸ್ಟ್ಯಾಂಡಲ್ಲಿ ಕೂತು ಕೂಗಿದವರನ್ನ ಕೇಳಿ, ಸೊನ್ನೆ ಹೌದಾ ಅಂತ.

"ಹಾಗಾದ್ರೆ ಗೆಲ್ಲೋದು ಮುಖ್ಯನೇ ಅಲ್ಲ ಅಂತೀರಾ? ನೀವು ಆ ಡಿಪೋಟೊ ಹೇಳಿದ್ದನ್ನೇ ಹೇಳ್ತಿದೀರಲ್ಲ?" ಅಂತ ಕೇಳೋರಿದಾರೆ. ಗೆಳತಿಯೊಬ್ಬಳು ಕೇಳಿಯೂ ಬಿಟ್ಟಳು. ಗೊತ್ತಿಲ್ಲದವರಿಗೆ: ತಂಡದ ಆಡಳಿತ ನೋಡ್ಕೊಳ್ಳೋ ಜೆರ್ರಿ ಡಿಪೋಟೊ 2023ರ ಅಕ್ಟೋಬರಲ್ಲಿ, ಹತ್ತು ವರ್ಷದಲ್ಲಿ ಸರಾಸರಿ ಶೇಕಡಾ 54 ಪಂದ್ಯ ಗೆಲ್ತಾ ಹೋದ್ರೆ ವರ್ಲ್ಡ್ ಸೀರೀಸ್ ತಾನಾಗೇ ಬರುತ್ತೆ, ಸ್ವಲ್ಪ ತಾಳ್ಮೆ ಇರಲಿ ಅನ್ನೋ ಧಾಟಿಯಲ್ಲಿ ಮಾತಾಡಿದ್ರು. ಜನ ಉಗಿದ್ರು, ಅವರು ಕ್ಷಮೆ ಕೇಳಿದ್ರು. ತಮಾಷೆ ಅಂದ್ರೆ ಆ ವರ್ಷ ನಾವು ಗೆದ್ದಿದ್ದು 88. ಕ್ಯಾಲ್ಕುಲೇಟರ್ ತಗೊಳ್ಳಿ, ಶೇಕಡಾ 54 ಸರಿಯಾಗಿ ಬಂತು. ಒಂದೇ ಒಂದು ಪಂದ್ಯದಲ್ಲಿ ಪ್ಲೇಆಫ್ ತಪ್ಪಿಸ್ಕೊಂಡು ಮನೇಲಿ ಕೂತ್ವಿ. 2024ರಲ್ಲೂ ಅಷ್ಟೇ, ಜೂನಲ್ಲಿ ಹತ್ತು ಪಂದ್ಯದ ಮುನ್ನಡೆ ಇಟ್ಕೊಂಡು ಒಂದೇ ತಿಂಗಳಲ್ಲಿ ಪೂರ್ತಿ ಕರಗಿಸಿ, ಕೊನೆಗೆ ಒಂದು ಪಂದ್ಯದಲ್ಲಿ ಹೊರಗೆ.

ಇಲ್ಲ ಕಣೇ, ನಾನು ಹೇಳ್ತಿರೋದು ಅದಲ್ಲ. ನೋಡೋಕೆ ಒಂದೇ ಥರ ಇದೆ, ಒಪ್ಕೋತೀನಿ. ಆದ್ರೆ ಟಿಕೆಟ್ ಕೊಂಡು ಸೋಲು ನೋಡಿ ಬಂದವಳು "ಸೀಸನ್ ಚೆನ್ನಾಗಿತ್ತು" ಅನ್ನೋದಕ್ಕೂ, ಟಿಕೆಟ್ ಮಾರೋರು ಅದನ್ನೇ ಹೇಳೋದಕ್ಕೂ ವ್ಯತ್ಯಾಸ ಇದೆ. ತಾಳ್ಮೆ ನಾನಾಗಿ ಇಟ್ಕೊಳ್ಳೋದು, ಅವರು ಕೇಳಿ ತಗೊಳ್ಳೋದಲ್ಲ. ಅವರು ಗೆಲ್ಲಲೇಬೇಕು, ಅದಕ್ಕೇ ಸಂಬಳ. ನಾನು ಸೋತಾಗಲೂ ನೋಡ್ತೀನಿ, ಅದು ನನ್ನ ಖುಷಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡ.

ಇನ್ನೊಂದು ವಾದ: "ಎಲ್ಲರೂ ಯಾವತ್ತೋ ಒಂದು ದಿನ ಹೊಸಬರೇ ಅಲ್ವಾ, ಅಕ್ಟೋಬರಲ್ಲಿ ಶುರು ಮಾಡಿದ್ರೆ ಏನು ತಪ್ಪು?" ಏನೂ ತಪ್ಪಿಲ್ಲ. ಬನ್ನಿ, ಜಾಗ ಮಾಡ್ತೀನಿ, ಬುಲ್‌ಪೆನ್ ಅಂದ್ರೇನು ಅಂತ ಪೆನ್ನು ಹಾಳೆ ಹಿಡಿದು ಹೇಳಿಕೊಡ್ತೀನಿ. ಆದ್ರೆ ಬಂದ ಎರಡನೇ ವಾರಕ್ಕೆ "ಹಣೆಬರಹ" ಓದಬೇಡಿ. ಅಷ್ಟು ಬೇಗ ನಮ್ಮೂರ ಜೋಯಿಸರೂ ಓದಲ್ಲ.

ಅದೂ ಯಾರು ಓದಿದ್ದು? ಆರ್‌ಸಿಬಿ ಅಭಿಮಾನಿ! ಹದಿನೆಂಟು ಸೀಸನ್ "ಈ ಸಲ ಕಪ್ ನಮ್ದೇ" ಅಂತ ಅಂದವರು, 49ಕ್ಕೆ ಆಲ್ ಔಟ್ ಆದ ರಾತ್ರಿನೂ ಅಂದವರು. ಜೂನ್ 3ರ ಬೆಳಿಗ್ಗೆ ಇದೇ ಮನೇಲಿ, ಇದೇ ಟಿವಿ ಮುಂದೆ, ಆಫೀಸಿಗೆ ಹುಷಾರಿಲ್ಲ ಅಂತ ಮೆಸೇಜ್ ಹಾಕಿ ಕೂತಿದ್ರು. ಅಹಮದಾಬಾದಲ್ಲಿ ಪಂಜಾಬ್ ಮೇಲೆ ಆರು ರನ್ನಿಂದ ಗೆದ್ದು, ಕೊಹ್ಲಿ ನೆಲಕ್ಕೆ ಹಣೆ ಹಚ್ಚಿ ಅತ್ತಾಗ, ಟಿಶ್ಯೂ ಡಬ್ಬ ತಂದುಕೊಟ್ಟವಳು ಯಾರು? ಹಿಂದಿನ ವರ್ಷಗಳೆಲ್ಲ ವ್ಯರ್ಥ ಅಂತ ಅವತ್ತು ಯಾರಾದ್ರೂ ಅಂದಿದ್ರೆ ಅವರನ್ನ ಮನೆಯಿಂದ ಆಚೆ ಹಾಕ್ತಿದ್ರು. ಅದೂ ನನ್ನ ಮನೆಯಿಂದ! ಆ ನ್ಯಾಯ ನಮಗ್ಯಾಕಿಲ್ಲ ಸಾರ್?

ಶುಕ್ರವಾರ ಇಲ್ಲಿ ನಮ್ಮ ಸುವಾರೆಜ್ ಎಂಟನೇ ಇನ್ನಿಂಗ್‌ನಲ್ಲಿ ಗ್ರ್ಯಾಂಡ್ ಸ್ಲ್ಯಾಮ್, ಅಂದ್ರೆ ಮೂರು ಬೇಸಲ್ಲೂ ಜನ ಇದ್ದಾಗಿನ ಹೋಮ್ ರನ್, ಹೊಡೆದಾಗ ಇವರೇ ಗ್ರೂಪಲ್ಲಿ ಬೆಂಕಿ ಎಮೋಜಿ ಸಾಲುಸಾಲು ಹಾಕಿದ್ರು, "ನಮ್ಮ ಮರೀನರ್ಸ್" ಅಂತ. ಸೋಮವಾರ ರಾತ್ರಿಗೆ "ನಿಮ್ಮ ಮರೀನರ್ಸ್" ಆಯ್ತು. ಮೂರೇ ದಿನ! ನೇಲರ್‌ಗಿಂತ ಫಾಸ್ಟು.

ಆಯ್ತು, ಬರೆದಾಯ್ತು, ಸಿಟ್ಟು ಅರ್ಧ ಇಳಿಯಿತು. ಇನ್ನು ನೇಲರ್‌ನ ಉಳಿಸ್ಕೊಳ್ಳೋಕೆ ದುಡ್ಡು ಬಿಚ್ತಾರಾ ಅಂತ ಚಳಿಗಾಲ ಪೂರ್ತಿ ತಲೆ ಕೆಡಿಸ್ಕೊಳ್ಳೋದಿದೆ. ಫೆಬ್ರವರಿಗೆ ಅರಿಝೋನಾದ ಪಿಯೋರಿಯಾದಲ್ಲಿ ಅಭ್ಯಾಸ ಶುರು. ಅಷ್ಟರೊಳಗೆ ಹೊಸ ಜೆರ್ಸಿಗಳನ್ನ ಅರ್ಧ ಬೆಲೆಗೆ ಮಾರೋ ಯೋಚನೆ ಇರೋರು ಇನ್‌ಬಾಕ್ಸಿಗೆ ಬನ್ನಿ. ಕ್ಯಾಲ್ ರಾಲಿಯ 29ನೇ ನಂಬರ್, ಲಾರ್ಜ್ ಇದ್ರೆ ನಾನೇ ತಗೋತೀನಿ. ಕೋಸಂಬರಿ ಕಲೆ ಇದ್ರೆ ಇನ್ನೂ ಐದು ಡಾಲರ್ ಕಡಿಮೆ.