ನಿಯಮಿತವಾಗಿ ನೀರು ಹಾಕಿ

ಸಸಿಯ ಕೊರಳಿಗೆ ನೇತುಹಾಕುವ ಆ ಪ್ಲಾಸ್ಟಿಕ್ ಚೀಟಿಯನ್ನು ಬರೆಯುವ ಮಹಾನುಭಾವರು ಯಾರೋ! ಟೊಮೆಟೊ ಸಸಿಯ ಚೀಟಿ ತಿರುಗಿಸಿ ನೋಡಿ: "ಒಳ್ಳೆಯ ಬಿಸಿಲು ಬೇಕು. ನಿಯಮಿತವಾಗಿ ನೀರು ಹಾಕಿ." ಪಕ್ಕದಲ್ಲಿರುವ ಪೈನ್ ಸಸಿಯದ್ದನ್ನೂ ತಿರುಗಿಸಿ. ಅಕ್ಷರ ಬದಲಿಲ್ಲದೆ ಅದೇ ಮಾತು. ಒಂದು ನಾಟಿ ಮಾಡಿದ ಎರಡು ಎರಡೂವರೆ ತಿಂಗಳಿಗೆ ಹಣ್ಣು ಕೊಡಲು ಶುರುಮಾಡಿ ಆ ಹಂಗಾಮಿನಲ್ಲೇ ಗಂಟುಮೂಟೆ ಕಟ್ಟುವ ಗಿಡ. ಇನ್ನೊಂದರ ವಂಶದಲ್ಲಿ, ಕ್ಯಾಲಿಫೋರ್ನಿಯಾದ ಬೆಟ್ಟದ ಮೇಲೆ, 4,800 ವರ್ಷ ದಾಟಿದ ಬ್ರಿಸಲ್‌ಕೋನ್ ಪೈನ್ ಇನ್ನೂ ನಿಂತಿದೆ. ಇಬ್ಬರಿಗೂ ಒಂದೇ ಸಾಲಿನ ಉಪದೇಶ. ನಿಯಮಿತ ಅಂದರೆ ದಿನಕ್ಕೊಮ್ಮೆಯೋ, ವಾರಕ್ಕೊಮ್ಮೆಯೋ, ನೆನಪಾದಾಗಲೋ? ಅದಕ್ಕೆ ಚೀಟಿಯಲ್ಲಿ ಜಾಗವಿಲ್ಲ. ಹೂವಿನ ಚಿತ್ರಕ್ಕೆ ಮಾತ್ರ ಧಾರಾಳ ಜಾಗ. ಪೈನ್ ಚೀಟಿಯಲ್ಲೂ!

ಈ ಚೀಟಿಯನ್ನು ವೇದವಾಕ್ಯವೆಂದು ನಂಬುವವರು ಮನೆಗೊಬ್ಬರು ಇದ್ದೇ ಇರುತ್ತಾರೆ. ಅವರೇ ಪೈಪಿನ ಯಜಮಾನರು.

ಇವರ ಮುಹೂರ್ತ ಸರಿಯಾಗಿ ನಡು ಮಧ್ಯಾಹ್ನ. ಆ ಹೊತ್ತಿಗೆ ಟೊಮೆಟೊ ಎಲೆಯನ್ನೆಲ್ಲ ಜೋಲುಹಾಕಿ, ಇನ್ನೇನು ಪ್ರಾಣ ಹೋಯಿತು ಎನ್ನುವಂತೆ ನಿಂತಿರುತ್ತದೆ. ನಿಜವಾಗಿ ಅದಕ್ಕೆ ಏನೂ ಆಗಿರುವುದಿಲ್ಲ. ಸುಡುಬಿಸಿಲಿನಲ್ಲಿ ಎಲೆ ಕಳೆದುಕೊಳ್ಳುವಷ್ಟು ನೀರನ್ನು ಬೇರು ಅದೇ ವೇಗದಲ್ಲಿ ಮೇಲೆ ಕಳಿಸಲಾರದು, ಅಷ್ಟೇ. ಸಂಜೆಯಾದರೆ ತಾನಾಗಿ ತಲೆ ಎತ್ತುತ್ತದೆ. ಬೆಳಗ್ಗೆಯೂ ಜೋಲಾಡುತ್ತಿದ್ದರೆ ಮಾತ್ರ ಗಾಬರಿಯಾಗಬೇಕು. ಇದನ್ನೆಲ್ಲ ಕೇಳುವ ವ್ಯವಧಾನ ಯಜಮಾನರಿಗೆಲ್ಲಿ? "ಅಯ್ಯೋ, ಒಣಗಿಹೋಯ್ತಲ್ಲೋ ಮರಿ!" ಎನ್ನುತ್ತಾ ಪೈಪು ಎಳೆದುಕೊಂಡು ಬರುತ್ತಾರೆ. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈಯ ಹೆಬ್ಬೆರಳು ಪೈಪಿನ ಬಾಯಿಗೆ ಅಡ್ಡ. ಬಿಸಿಲಿಗೆ ಬಿದ್ದಿದ್ದ ಪೈಪಿನಿಂದ ಮೊದಲು ಬರುವುದು ಕೈ ಸುಡುವ ನೀರು. ಅದೂ ಬುಡಕ್ಕಲ್ಲ, ಎಲೆಗೆ. ಮಣ್ಣು ಸಿಡಿದು ಕೆಳಗಿನ ಎಲೆಗಳಿಗೆ ಮೆತ್ತಿಕೊಳ್ಳುತ್ತದೆ, ಅದರೊಂದಿಗೆ ಎಲೆಚುಕ್ಕೆ ರೋಗದ ಶಿಲೀಂಧ್ರವೂ ಪುಕ್ಕಟೆ ಸವಾರಿ ಮಾಡುತ್ತದೆ. ಸಂಜೆ ಗಿಡ ಎದ್ದು ನಿಂತಾಗ ಯಜಮಾನರ ಮುಖ ನೋಡಬೇಕು. "ನೋಡಿದ್ರಾ? ನಾನು ನೀರು ಹಾಕಿದ್ದಕ್ಕೆ ಬದುಕಿಕೊಂಡಿತು!"

ಹೋಗುವಾಗ ಪೈನ್ ಕಡೆಗೂ ಒಂದು ಚಿಮುಕು. ನಿನಗೂ ಇರಲಿ, ಬೇಜಾರು ಮಾಡಿಕೋಬೇಡ ಎನ್ನುವ ಧಾಟಿಯಲ್ಲಿ. ಮೇಲಿನ ಒಂದು ಸೆಂಟಿಮೀಟರ್ ಮಣ್ಣು ಕಪ್ಪಗಾಗುತ್ತದೆ, ಕೆಳಗೆ ಬೂದಿಯಂತೆ ಒಣಗಿದ್ದದ್ದು ಹಾಗೇ ಇರುತ್ತದೆ. ಯಜಮಾನರ ಲೆಕ್ಕದಲ್ಲಿ ನಿಯಮಿತವಾಗಿ ನೀರು ಹಾಕಿದ್ದಾಯಿತು.

ಲೆಕ್ಕವೇ ಬೇಕೆಂದರೆ, ನೆಲದಲ್ಲಿರುವ ಟೊಮೆಟೊಗೆ ವಾರಕ್ಕೆ ಎರಡೂವರೆಯಿಂದ ನಾಲ್ಕು ಸೆಂಟಿಮೀಟರ್ ಮಳೆಗೆ ಸಮನಾದ ನೀರು ಬೇಕು. ಅಂದರೆ ಚದರ ಮೀಟರಿಗೆ 25ರಿಂದ 40 ಲೀಟರ್, ಎರಡು ಮೂರು ಕಂತಿನಲ್ಲಿ, ಬೆಳಗಿನ ಹೊತ್ತು, ಬುಡಕ್ಕೆ. ಕಂತು ತಪ್ಪಬಾರದು. ನಾಲ್ಕು ದಿನ ಬರ, ಐದನೆಯ ದಿನ ಪ್ರವಾಹ ಅಂತ ಮಾಡಿದರೆ ಹಣ್ಣು ಬಿರಿಯುತ್ತದೆ, ಇಲ್ಲವೇ ಕಾಯಿಯ ತಳ ಕಪ್ಪಾಗಿ ಚರ್ಮದಂತೆ ಒಳಗೆ ಕುಸಿಯುತ್ತದೆ. ಅದಕ್ಕೆ ಕ್ಯಾಲ್ಸಿಯಂ ಕೊರತೆ ಎಂದು ಹೆಸರಿಟ್ಟು ಮೊಟ್ಟೆಯ ಚಿಪ್ಪು ಪುಡಿಮಾಡಿ ಸುರಿಯುವವರುಂಟು. ಬಹಳಷ್ಟು ಸಲ ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದೇ ಇರುತ್ತದೆ. ಅದು ನೀರಿನ ಜೊತೆಗೇ ಪ್ರಯಾಣ ಮಾಡುವುದು, ಹೆಚ್ಚು ನೀರು ಎಳೆಯುವ ಎಲೆಗೇ ಮೊದಲ ಪಂಕ್ತಿ. ನೀರು ಏರುಪೇರಾದ ದಿನ ಕೊನೆಯ ಪಂಕ್ತಿಯ ಕಾಯಿಗೆ ಖಾಲಿ ಪಾತ್ರೆ. ಚಿಪ್ಪು ಕರಗಿ ಬೇರಿಗೆ ಸಿಗುವಷ್ಟರಲ್ಲಿ ಬೆಳೆಯೇ ಮುಗಿದಿರುತ್ತದೆ.

ಪೈನ್‌ನದ್ದು ಬೇರೆಯೇ ಸ್ವಭಾವ. ಮೊದಲ ಒಂದೆರಡು ವರ್ಷ ವಾರಕ್ಕೊಮ್ಮೆ, ಕಡು ಬೇಸಿಗೆಯಲ್ಲಿ ಎರಡು ಸಲ, ಬೇರುಗಡ್ಡೆಯ (ಬೇರೂ ಅದು ಹಿಡಿದುಕೊಂಡ ಮಣ್ಣೂ ಸೇರಿದ ಮುದ್ದೆಯ) ತಳದವರೆಗೆ ಇಳಿಯುವಂತೆ ನಿಧಾನವಾಗಿ ನೀರುಣಿಸಬೇಕು. ಮತ್ತೆ ಹಾಕುವ ಮುಂಚೆ ಬೆರಳು ತೂರಿಸಿ ನೋಡಿ, ಐದು ಸೆಂಟಿಮೀಟರ್ ಆಳದಲ್ಲಿ ಮಣ್ಣು ಇನ್ನೂ ತೇವವಾಗಿದ್ದರೆ ಪೈಪು ವಾಪಸ್. ನೀರು ನಿಂತು ಬೇರು ಉಸಿರುಗಟ್ಟಿದರೂ ಸೂಜಿಯೆಲೆ ಹಳದಿ ತಿರುಗಿ ಕಂದಾಗುತ್ತದೆ, ನೀರಿಲ್ಲದೆ ಒಣಗಿದರೂ ಹಾಗೇ ಕಂದಾಗುತ್ತದೆ. ಯಜಮಾನರು ಎರಡಕ್ಕೂ ಒಂದೇ ಔಷಧಿ ಕೊಡುತ್ತಾರೆ ಎಂದು ಬೇರೆ ಹೇಳಬೇಕಿಲ್ಲ.

ಟೊಮೆಟೊ ಬೆರಳು ತಾಗಿದರೆ ಕೈ ಮುರಿಯಿತು ಎನ್ನುವ ಜಾತಿ. ಪೈನ್ ಸತ್ತು ವಾರಗಳಾದ ಮೇಲೆ ಸುದ್ದಿ ಕಳಿಸುವ ಜಾತಿ. ಕಡಿದು ತಂದು ಅಲಂಕಾರ ಮಾಡಿದ ಮರವೇ ವಾರಗಟ್ಟಲೆ ಹಸಿರಾಗಿರುತ್ತದಲ್ಲ, ಬೇರು ಸತ್ತ ಸಸಿಯೂ ಅಷ್ಟೇ. ಅನುಮಾನ ಬಂದರೆ ರೆಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರು ಕಂಡರೆ ಜೀವವಿದೆ. ಕಂದು ಬಣ್ಣ, ಜೊತೆಗೆ ಬಗ್ಗಿಸಿದರೆ ಲಟಕ್ಕೆಂದು ಮುರಿಯಿತು ಎಂದರೆ ಇನ್ನು ನೀರು ಹಾಕಿ ಪ್ರಯೋಜನವಿಲ್ಲ. ಒಳಭಾಗದ ಹಳೆಯ ಸೂಜಿಗಳು ವರ್ಷಕ್ಕೊಮ್ಮೆ ಹಳದಿಯಾಗಿ ಉದುರಿದರೆ ಮಾತ್ರ ಗೋಳಾಡಬೇಡಿ. ನಿತ್ಯಹಸಿರು ಎಂದರೆ ಎಲೆ ಉದುರದ ಮರ ಅಂತಲ್ಲ, ಎಲ್ಲ ಎಲೆಯೂ ಒಟ್ಟಿಗೆ ಉದುರದ ಮರ ಅಂತ.

ನೆಡುವಾಗಿನ ಎಡವಟ್ಟಂತೂ ಇನ್ನೂ ಸೊಗಸು. ಟೊಮೆಟೊವನ್ನು ಕೆಳಗಿನ ಎಲೆ ಕಿತ್ತು, ಕಾಂಡ ಮೂರರಲ್ಲಿ ಎರಡು ಭಾಗ ಮುಚ್ಚುವಷ್ಟು ಆಳಕ್ಕೆ ಹೂಳಬಹುದು, ಹೂತ ಕಾಂಡದ ತುಂಬ ಹೊಸ ಬೇರು ಒಡೆಯುತ್ತದೆ. ಈ ಖುಷಿಯಲ್ಲಿ ಅದೇ ಸನಿಕೆಯಿಂದ ಪೈನ್‌ನ ಕುತ್ತಿಗೆಯನ್ನೂ ಹೂತರೆ ಬೇರಿಗೆ ಗಾಳಿ ಸಿಗದೆ, ತೊಗಟೆ ಕೊಳೆತು, ಎರಡು ಮೂರು ವರ್ಷ ನರಳಿ ಸಾಯುತ್ತದೆ. ಆಗ ಬೈಗುಳ ಮಣ್ಣಿಗೆ, ಹವಾಮಾನಕ್ಕೆ, ಪಕ್ಕದ ಮನೆಯವರ ಕಣ್ಣಿಗೆ. ಪೈನ್‌ನ ಗುಂಡಿ ಬೇರುಗಡ್ಡೆಯ ಎರಡು ಮೂರು ಪಟ್ಟು ಅಗಲವಿರಲಿ, ಆಳ ಮಾತ್ರ ಗಡ್ಡೆಯಷ್ಟೇ. ಕಾಂಡದ ಬುಡ ಅಗಲವಾಗುವ ಜಾಗ ನೆಲದ ಮೇಲೆ ಕಾಣುತ್ತಿರಬೇಕು. ಅಗೆದ ಮಣ್ಣನ್ನೇ ವಾಪಸ್ ತುಂಬಿ. ಗೊಬ್ಬರದ ಔತಣವೆಲ್ಲ ಟೊಮೆಟೊಗೆ, ಅದಕ್ಕೂ ಸಾರಜನಕ ಮಿತಿಯಲ್ಲಿ. ಹೆಚ್ಚಾದರೆ ಎದೆಯೆತ್ತರ ಸೊಪ್ಪು, ಎಣಿಸಿದರೆ ಮೂರು ಕಾಯಿ.

ಕತ್ತರಿ ಹಿಡಿದವರ ಕೈಯನ್ನೂ ಸ್ವಲ್ಪ ಹಿಡಿಯಬೇಕು. ಬಳ್ಳಿಯಂತೆ ಏರುವ ಟೊಮೆಟೊ ತಳಿಯಲ್ಲಿ ಎಲೆ-ಕಾಂಡದ ಸಂದಿಯಲ್ಲಿ ಬರುವ ಕುಡಿಗಳನ್ನು ಬೆರಳುದ್ದ ಆಗುವ ಮುಂಚೆ ಚಿವುಟಿ ಹಾಕಬಹುದು, ಗಿಡ್ಡ ಪೊದೆ ತಳಿಯಲ್ಲಿ ಚಿವುಟಿದರೆ ಕಾಯಿಗೇ ಕತ್ತರಿ. ಎರಡರಲ್ಲೂ ತಪ್ಪಾದರೆ ಒಂದು ಹಂಗಾಮಿನ ನಷ್ಟ. ಪೈನ್‌ನಲ್ಲಿ ಹಾಗಲ್ಲ. ವಸಂತದಲ್ಲಿ ಮೇಣದಬತ್ತಿಯಂತೆ ನೆಟ್ಟಗೆ ಬರುವ ಹೊಸ ಕುಡಿಯನ್ನು, ಸೂಜಿ ಬಿಚ್ಚುವ ಮುಂಚೆ ಅರ್ಧ ಚಿವುಟಿದರೆ ಮರ ಒತ್ತಾಗುತ್ತದೆ. ಸೂಜಿಯಿಲ್ಲದ ಹಳೆಯ ರೆಂಬೆಯವರೆಗೆ ಕತ್ತರಿಸಿದರೋ, ಅಲ್ಲಿ ಸಾಮಾನ್ಯವಾಗಿ ಮತ್ತೆ ಚಿಗುರುವುದಿಲ್ಲ. ಆ ಬೋಳು ನಿಮ್ಮ ಮೊಮ್ಮಕ್ಕಳಿಗೂ ಕಾಣುತ್ತದೆ.

ಮೊಮ್ಮಕ್ಕಳು ಎಂದಾಗ ಒಂದು ಕ್ಷಣ ಕೈ ತಡೆಯುತ್ತದೆ. ಈಗ ಮೊಣಕಾಲೆತ್ತರದ ಈ ಪೈನ್ ಪಕ್ಕದಲ್ಲಿ ಟೊಮೆಟೊ ಮಡಿ ಎಷ್ಟು ಚೆನ್ನಾಗಿ ಕಾಣುತ್ತದೆ! ಇನ್ನು ಹದಿನೈದು ಇಪ್ಪತ್ತು ವರ್ಷಕ್ಕೆ, ಟೊಮೆಟೊಗೆ ಬೇಕಾದ ದಿನದ ಆರರಿಂದ ಎಂಟು ಗಂಟೆಯ ಬಿಸಿಲನ್ನು ಈ ಮರವೇ ನುಂಗಿರುತ್ತದೆ. ಬೇರು ಕೊಂಬೆಗಳ ನೆರಳನ್ನೂ ದಾಟಿ ಹೋಗಿ ಮಡಿಯ ನೀರು ಕುಡಿಯುತ್ತಿರುತ್ತದೆ. ಆಗ ಮಡಿಯೇ ಎದ್ದು ಬೇರೆ ಕಡೆ ಹೋಗಬೇಕು. ಅಗೆಯುವ ಕೈ ಯಾರದೋ, ಪೈಪು ಹಿಡಿಯುವ ಕೈ ಯಾರದೋ. ಮರಕ್ಕೆ ಅಷ್ಟು ಹೊತ್ತಿಗೆ ಪೈಪಿನ ಹಂಗೂ ಇರುವುದಿಲ್ಲ.

ಸದ್ಯಕ್ಕೆ ಮಾಡಬೇಕಾದ ಕೆಲಸ ಒಂದಿದೆ. ಟೊಮೆಟೊದ ಕೋಲು ಕೊನೆಯ ಹಣ್ಣಿನವರೆಗೂ ಇರಲಿ, ಪೈನ್‌ನ ಆಧಾರದ ಕೋಲನ್ನು ಒಂದು ವರ್ಷಕ್ಕೆ ತೆಗೆಯಿರಿ. ಗಾಳಿಗೆ ಅಲುಗಾಡಿದರೇ ಅದರ ಕಾಂಡ ದಪ್ಪವಾಗುವುದು. ಹಾಗೇ ಕೆಳಗಿನ ರೆಂಬೆ ತಡಕಿ ನೋಡಿ. ಆ ಚೀಟಿ ಕಟ್ಟಿದ ಪ್ಲಾಸ್ಟಿಕ್ ದಾರ ಇನ್ನೂ ಅಲ್ಲೇ ಇರುತ್ತದೆ. ರೆಂಬೆ ದಪ್ಪವಾದಂತೆ ದಾರ ತೊಗಟೆಯೊಳಗೆ ಹೂತು, ಉರುಳಿನಂತೆ ಬಿಗಿದು, ಅದರಾಚೆಯ ಭಾಗವನ್ನೆಲ್ಲ ಒಣಗಿಸುತ್ತದೆ. ಕತ್ತರಿ ತಂದು ಕತ್ತರಿಸಿ ಹಾಕಿ. ಬಿಸಿಲಿಗೆ ಚಿತ್ರವೆಲ್ಲ ಮಾಸಿಹೋಗಿದ್ದರೂ "ನಿಯಮಿತವಾಗಿ ನೀರು ಹಾಕಿ" ಎಂಬ ಸಾಲು ಮಾತ್ರ ಇನ್ನೂ ಸ್ಪಷ್ಟವಾಗಿ ಓದಲು ಬರುತ್ತಿರುತ್ತದೆ. ಅದನ್ನು ಪೈಪಿನ ಯಜಮಾನರ ಕಣ್ಣಿಗೆ ಬೀಳದ ಕಡೆ ಬಿಸಾಕಿ.