ತೂಕ ಹೆಚ್ಚಿಸಿದ್ದು ಅಮ್ಮನ ಮುದ್ದಲ್ಲ

ಬೌದ್ಧಿಕ ಅಂಗವೈಕಲ್ಯವಿರುವ ವಯಸ್ಕರು ದಪ್ಪಗಾಗಲು ಮನೆಯವರು ಮುದ್ದಿನಿಂದ ಅತಿಯಾಗಿ ತಿನ್ನಿಸುವುದೇ ಮುಖ್ಯ ಕಾರಣ ಎಂದು ಓದಿದ ಲೇಖನವೊಂದರ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ತಮ್ಮನಿಗೆ 31 ವರ್ಷ, ಮಾತು ಬಾರದು. ಕೈ ಕಚ್ಚಿಕೊಳ್ಳುವುದು ಹೆಚ್ಚಾಯಿತೆಂದು ವೈದ್ಯರು ಓಲಾಂಜಪಿನ್ ಎಂಬ ಮನೋರೋಗದ ಮಾತ್ರೆ ಬರೆದುಕೊಟ್ಟರು. 58 ಕಿಲೋ ಇದ್ದವನು ಒಂದೇ ವರ್ಷದಲ್ಲಿ 76 ಆದ. ರಾತ್ರಿ ಎರಡು ಗಂಟೆಗೆ ದೀಪವನ್ನೂ ಹಾಕದೆ ಅಡುಗೆಮನೆಯಲ್ಲಿ ನಿಂತು, ತಂಗಳನ್ನವನ್ನು ಪಾತ್ರೆಯಿಂದಲೇ ಬಾಚಿ ತಿನ್ನುತ್ತಿದ್ದ. ಅಮ್ಮ ಪಾತ್ರೆ ಕಸಿದುಕೊಂಡರೆ ಅಳುತ್ತಿದ್ದ. ಅದು ಮಾತ್ರೆ ಹುಟ್ಟಿಸಿದ ಹಸಿವು. ಮೆದುಳಿನಲ್ಲಿ ಹಸಿವನ್ನು ಹತೋಟಿಯಲ್ಲಿಡುವ ಹಿಸ್ಟಮಿನ್, ಸೆರೊಟೋನಿನ್ ಎಂಬ ರಾಸಾಯನಿಕಗಳ ಕೆಲಸವನ್ನು ಈ ಔಷಧ ತಡೆಯುವುದರಿಂದ ಎಷ್ಟು ತಿಂದರೂ ತೃಪ್ತಿಯಾಗುವುದಿಲ್ಲ.

ಇಂಥ ಮಾತ್ರೆ ಆರಂಭಿಸುವ ಮೊದಲು, ಆಮೇಲೆ 4, 8, 12ನೇ ವಾರಗಳಲ್ಲಿ ತೂಕ ನೋಡಬೇಕು, ಆರಂಭದಲ್ಲೂ 12ನೇ ವಾರದಲ್ಲೂ ರಕ್ತದ ಸಕ್ಕರೆ ಪರೀಕ್ಷಿಸಬೇಕು ಎಂದು ಅಮೆರಿಕದ ಮಧುಮೇಹ ಮತ್ತು ಮನೋವೈದ್ಯ ಸಂಘಗಳು 2004ರಲ್ಲೇ ಹೇಳಿವೆ. ನಮ್ಮ ಆಸ್ಪತ್ರೆಯಲ್ಲಿ ವರ್ಷವಿಡೀ ಯಾರೂ ಅವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಲಿಲ್ಲ. ಆ 76 ನಾನೇ ರೈಲು ನಿಲ್ದಾಣದಲ್ಲಿ ನೋಡಿದ್ದು. ಕೈ ಕಚ್ಚಿಕೊಳ್ಳುತ್ತಿದ್ದುದಕ್ಕೆ ಕಾರಣ ಹುಳುಕು ಹಲ್ಲಿನ ನೋವು ಎಂಬುದೂ ಬಹಳ ತಡವಾಗಿ ಗೊತ್ತಾಯಿತು.

ಇಂಗ್ಲೆಂಡಿನಲ್ಲಿ ಇಂಥವರಿಗೆ ಅನಗತ್ಯವಾಗಿ ಮನೋವೈದ್ಯಕೀಯ ಔಷಧ ಕೊಡುವುದನ್ನು ನಿಲ್ಲಿಸಲು 2016ರಲ್ಲಿ ‘ಸ್ಟಾಂಪ್’ (STOMP) ಎಂಬ ಅಭಿಯಾನವೇ ಶುರುವಾಯಿತು. ಹಾಗೆಂದು ಯಾರೂ ತಾವಾಗಿ ಮಾತ್ರೆ ನಿಲ್ಲಿಸಬೇಡಿ, ಅದು ಅಪಾಯ. ತಮ್ಮನ ಪ್ರಮಾಣವನ್ನು ಬೇರೊಬ್ಬ ವೈದ್ಯೆ ಏಳು ತಿಂಗಳು ಹಿಡಿದು ಇಳಿಸಿದರು. ಈಗ 69 ಕಿಲೋ ಇದ್ದಾನೆ, ರಾತ್ರಿ ನಿದ್ದೆ ಮಾಡುತ್ತಾನೆ.