ಮುಖಕ್ಕೆ ಬಣ್ಣ, ಒಳಗೆ ಹಸಿ ಗೋಡೆ

ಕಲಬುರಗಿಯ ಹಳೆಯ ಓಣಿಯೊಂದರಲ್ಲಿರುವ ಸರ್ಕಾರಿ ಸಾಲುಮನೆಗಳಲ್ಲಿ ನಮ್ಮದೂ ಒಂದು. ನನ್ನ ಮಾವನವರ ತಂದೆಯ ನೌಕರಿಗೆ ಸಿಕ್ಕ ಮನೆಯಲ್ಲಿ ಇಂದಿಗೂ ಬಾಡಿಗೆ ಕಟ್ಟಿಕೊಂಡೇ ಇದ್ದೇವೆ. ನಿಜಾಮರ ಆಳ್ವಿಕೆಯಲ್ಲಿ ಕಟ್ಟಿದ ಈ ಮನೆಗಳಿಗೆ ಮೊಳ ದಪ್ಪದ ಕಲ್ಲುಗೋಡೆ, ಸುಣ್ಣದ ಗಚ್ಚಿನ ಗಿಲಾವು, ಗರ್ಡರುಗಳ ಮೇಲೆ ಶಹಾಬಾದ್ ಫರ್ಸಿ ಕಲ್ಲಿನ ಚಪ್ಪಡಿ ಹಾಸಿದ ಮಾಳಿಗೆ. ಮೇ ತಿಂಗಳಲ್ಲಿ ಹೊರಗೆ 42–43 ಡಿಗ್ರಿ ಬಿಸಿಲು ಸುಡುತ್ತಿದ್ದರೂ ನಡುಮನೆಯಲ್ಲಿ ಹಸುಗೂಸನ್ನು ನೆಮ್ಮದಿಯಿಂದ ಮಲಗಿಸಬಹುದಾಗಿತ್ತು. ಕಳೆದ ವರ್ಷ ಈ ಮನೆಗಳನ್ನು ‘ನವೀಕರಣ’ ಮಾಡಿದರು. ಅಂದಿನಿಂದ ನಾವು ಅನುಭವಿಸುತ್ತಿರುವುದನ್ನು ಹೇಳಿಕೊಳ್ಳದೆ ಇರಲು ಇನ್ನು ನನ್ನಿಂದ ಆಗದು.

ಗುತ್ತಿಗೆದಾರರ ಜನ ಬಂದು ಹಳೆಯ ಗಚ್ಚನ್ನೆಲ್ಲ ಕೆತ್ತಿ ತೆಗೆದು, ಒಳಗೂ ಹೊರಗೂ ಸಿಮೆಂಟ್ ಬಳಿದು, ಅದರ ಮೇಲೆ ಹೊಳೆಯುವ ಬಣ್ಣ ಹಚ್ಚಿ ಹೋದರು. ನಮ್ಮ ಸಾಲಿನಲ್ಲೇ ವಾಸವಿರುವ ಹಿರಿಯ ಗೌಂಡಿಯೊಬ್ಬರು ಕೆಲಸ ನಡೆಯುವಾಗಲೇ ‘ಈ ಗೋಡೆ ಉಸಿರಾಡಬೇಕು, ಸಿಮೆಂಟ್ ಹಾಕಬೇಡಿ’ ಎಂದು ಕೈಮುಗಿದು ಹೇಳಿದರೆ, ಅವರನ್ನು ಗದರಿಸಿ ಕಳುಹಿಸಿದರು. ಅವರು ಹೇಳಿದ್ದು ಅಕ್ಷರಶಃ ನಿಜವಾಯಿತು. ಬುನಾದಿಯಲ್ಲಿ ತೇವ ತಡೆಯುವ ಪದರವಿಲ್ಲದ ಹಳೆಯ ಗೋಡೆಗಳಲ್ಲಿ ನೆಲದ ನೀರು ಮೇಲೇರುತ್ತದೆ. ಸುಣ್ಣದ ಗಿಲಾವು ಅದನ್ನು ಗಾಳಿಗೆ ಬಿಟ್ಟುಕೊಟ್ಟು ಒಣಗುತ್ತದೆ, ಸಿಮೆಂಟ್ ಅದನ್ನು ಒಳಗೇ ಹಿಡಿದಿಡುತ್ತದೆ. ನೀರಿನೊಡನೆ ಬಂದ ಲವಣ ಸಿಮೆಂಟಿನ ಹಿಂದೆ ಹರಳುಗಟ್ಟಿ ಅದನ್ನು ಹೊರಕ್ಕೆ ದೂಡುತ್ತದೆ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಸೊಂಟದೆತ್ತರದವರೆಗೆ ಗೋಡೆ ಉಬ್ಬಿತು, ಬಿಳಿ ಉಪ್ಪು ಉದುರತೊಡಗಿತು, ದವಸದ ಚೀಲಗಳಿಗೆ ಬೂಷ್ಟು ಹಿಡಿಯಿತು, ಮಗನಿಗೆ ಕೆಮ್ಮು ಬಿಡಲಿಲ್ಲ. ವಾಡಿ, ಶಹಾಬಾದ್, ಸೇಡಂ ಎಂದು ಎತ್ತ ಹೋದರೂ ಸುಣ್ಣದ ಕಲ್ಲೇ ಸಿಗುವ ಈ ಜಿಲ್ಲೆಯಲ್ಲಿ, ಸುಣ್ಣದ ಗೋಡೆಗೆ ಸುಣ್ಣವನ್ನೇ ಬಳಸಬೇಕೆಂಬುದು ಅಂದಾಜುಪಟ್ಟಿ ಬರೆದ ಇಂಜಿನಿಯರರಿಗೆ ತಿಳಿಯದಿದ್ದರೆ ಅದು ಕ್ಷಮಿಸುವಂಥ ಅಜ್ಞಾನವಲ್ಲ. ತಿಳಿದೂ ಬರೆದಿದ್ದರೆ ಏನೆನ್ನಬೇಕೋ ನನಗೆ ತೋಚುತ್ತಿಲ್ಲ.

ಮಾಳಿಗೆಯ ಸೋರಿಕೆಯನ್ನು ಯಾರೂ ಮುಟ್ಟಲಿಲ್ಲ. ಅದು ಕಾಣದಂತೆ ಕೆಳಗೆ ಪಿಒಪಿ ಹಲಗೆ ಹೊಡೆದರು. ಎರಡು ಮನೆಗಳಲ್ಲಿ ಅದೂ ಕುಸಿದಿದೆ.

ನಾವು ನಿಜವಾಗಿ ಕೇಳಿದ್ದು ಏನೆಂದರೆ, ಪ್ರತಿ ಮನೆಗೂ ಒಂದು ಸಂಡಾಸು, ಹೊಸ ನೀರಿನ ಪೈಪು, ಕೂಲರ್ ಹಾಕಿದರೆ ಕಾದು ಸುಟ್ಟ ವಾಸನೆ ಬಾರದಂಥ ವೈರಿಂಗು. ನನ್ನ ಅತ್ತೆಯವರಿಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವು. ರಾತ್ರಿ ಎರಡು ಗಂಟೆಗೂ ಸಾಲಿನ ತುದಿಯ ಸಾರ್ವಜನಿಕ ಸಂಡಾಸಿಗೆ ಅವರನ್ನು ಕೈಹಿಡಿದು ಕರೆದೊಯ್ಯಬೇಕು. ಆ ದಾರಿಯಲ್ಲಿ ಈಗ ಹಳೆಯ ಕಾಲದ ಮಾದರಿಯ ಚೆಂದದ ದೀಪದ ಕಂಬಗಳಿವೆ. ಅವುಗಳ ಮುಂದೆ ನಿಂತು ದೊಡ್ಡವರು ಫೋಟೋ ತೆಗೆಸಿಕೊಂಡು ಹೋದರು. ನಮ್ಮ ಮನೆಯೊಳಗೆ ಒಬ್ಬರೂ ಕಾಲಿಡಲಿಲ್ಲ.

ಇಷ್ಟಾದ ಮೇಲೆ ‘ಕೆಡವಿ ಅಪಾರ್ಟ್‌ಮೆಂಟ್ ಕಟ್ಟಲಿ’ ಎನ್ನುವವರು ನಮ್ಮಲ್ಲೇ ಹುಟ್ಟಿಕೊಂಡಿದ್ದಾರೆ, ಅವರನ್ನು ನಾನು ದೂರುವುದಿಲ್ಲ. ಬ್ರಿಟಿಷರ ಕಾಲದಲ್ಲಿ ಸರ್ಕಾರವೇ ಕಟ್ಟಿಸಿದ ಮುಂಬೈಯ ಬಿಡಿಡಿ ಚಾಳುಗಳಲ್ಲಿ ನೂರು ವರ್ಷ 160 ಚದರ ಅಡಿಯ ಕೋಣೆಯಲ್ಲಿ ಬದುಕಿದ ಕುಟುಂಬಗಳಿಗೆ ಅವನ್ನು ಕೆಡವಿ 500 ಚದರ ಅಡಿಯ ಮನೆ ಕೊಡುತ್ತಿರುವುದು ನ್ಯಾಯವೇ. ಆದರೆ ನಮ್ಮ ಗೋಡೆಗಳು ಗಟ್ಟಿಯಾಗಿವೆ, ಹಿತ್ತಿಲಿನಲ್ಲಿ ಜಾಗವಿದೆ. ಫ್ರಾನ್ಸಿನ ಬೋರ್ಡೋ ನಗರದಲ್ಲಿ 1960ರ ದಶಕದ ಮೂರು ಸರ್ಕಾರಿ ವಸತಿ ಕಟ್ಟಡಗಳ 530 ಮನೆಗಳನ್ನು, ವಾಸವಿದ್ದವರನ್ನು ಹೊರಹಾಕದೆಯೇ, ಪ್ರತಿ ಮನೆಗೂ ಬೆಳಕು ತುಂಬಿದ ಹೊಸ ಭಾಗವೊಂದನ್ನು ಹೊರಗಿನಿಂದ ಜೋಡಿಸಿ ದೊಡ್ಡದು ಮಾಡಿದರು. ಅಷ್ಟೆತ್ತರದ ಕಟ್ಟಡಗಳಲ್ಲಿ ಅದು ಸಾಧ್ಯವಾಗಿರುವಾಗ, ನೆಲಮಟ್ಟದ ನಮ್ಮ ಮನೆಗಳ ಹಿತ್ತಿಲಲ್ಲಿ ಬಚ್ಚಲು, ಸಂಡಾಸು ಕಟ್ಟಿಕೊಡಲು ಏನು ಅಡ್ಡಿ ಎಂದು ನಾನು ಕಚೇರಿಯಲ್ಲಿ ಕೇಳಿದೆ. ‘ಪಾರಂಪರಿಕ ಕಟ್ಟಡ, ಮಾರ್ಪಾಡು ಮಾಡುವಂತಿಲ್ಲ’ ಎಂಬ ಉತ್ತರ ಬಂತು. ನೂರು ವರ್ಷದ ಗಚ್ಚನ್ನು ಕೆತ್ತಿ ಚರಂಡಿಗೆ ಸುರಿದಾಗ ಈ ಪರಂಪರೆ ಎಲ್ಲಿ ಹೋಗಿತ್ತು?

ಈಗ ಎರಡನೆಯ ಹಂತವಂತೆ. ಮೂರು ತಿಂಗಳ ಮಟ್ಟಿಗೆ ಮನೆ ಖಾಲಿ ಮಾಡಿ ನಮ್ಮ ವ್ಯವಸ್ಥೆಯನ್ನು ನಾವೇ ನೋಡಿಕೊಳ್ಳಬೇಕೆಂದು ಒಂದು ಹಾಳೆ ಕೊಟ್ಟು ಸಹಿ ಕೇಳಿದ್ದಾರೆ. ಇದೇ ಮನೆಗೆ ಇದೇ ಬಾಡಿಗೆಗೆ ಮರಳಿ ಬರುತ್ತೇವೆಂಬ ಒಂದು ಸಾಲೂ ಅದರಲ್ಲಿಲ್ಲ. ಆ ಸಾಲನ್ನು ಬರೆದು, ಸಿಮೆಂಟ್ ಕೆತ್ತಿಸಿ ಸುಣ್ಣದ ಗಿಲಾವು ಮಾಡಿಸುವುದನ್ನೂ ಹಿತ್ತಿಲಿನ ಸಂಡಾಸನ್ನೂ ಅಂದಾಜುಪಟ್ಟಿಯಲ್ಲಿ ಸೇರಿಸಿ ತರುವವರೆಗೆ ನಾನು ಸಹಿ ಹಾಕುವುದಿಲ್ಲ. ನಮ್ಮ ಸಾಲಿನ ಹನ್ನೊಂದು ಮನೆಯವರೂ ಹಾಕಿಲ್ಲ.